ಯಂತ್ರದ ಪಾದವೂ ಮನುಷ್ಯನ ತಪ್ಪೂ

ಮನುಷ್ಯನ ತಪ್ಪನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ಪ್ರಶ್ನೆಯು ಧರ್ಮವಿಚಾರ ಮಾಡುವವರಿಗೆಲ್ಲ ಬಹುಕಾಲದಿಂದ ತೊಡಕಾಗಿ ಬಂದಿದೆ. ಅಳತೆಗೋಲು ಅತಿ ಕಠಿನವಾದರೆ ಸಜ್ಜನನೂ ಅಪರಾಧಿಯಾಗಿ ತೋರುವನು. ಅತಿ ಸಡಿಲವಾದರೆ ಅಪರಾಧಿಯೂ ಸಜ್ಜನರ ಸಾಲಿನಲ್ಲಿ ನಡೆದುಹೋಗುವನು. ಈ ಪ್ರಶ್ನೆಗೆ ಬೆಳಕು ಶಾಸ್ತ್ರಗ್ರಂಥಗಳಿಂದಲೇ ಬರಬೇಕೆಂಬ ನಿಯಮವಿಲ್ಲ. ಮೋಟಾರು ಗಾಡಿಗಳನ್ನು ಪರೀಕ್ಷಿಸುವ ಬಯಲಿನಲ್ಲಿ, ಒಂದು ಸಣ್ಣ ಯಂತ್ರದ ನಡತೆಯಲ್ಲಿಯೂ ಅದು ದೊರೆಯುವುದುಂಟು.

ಆ ಯಂತ್ರಕ್ಕೆ ಬ್ರೇಕ್ ರೋಬೋಟ್ ಎಂದು ಹೆಸರು. ಹೆಸರನ್ನು ಕೇಳಿದವರ ಕಣ್ಣೆದುರಿಗೆ ಕೈಕಾಲುಗಳುಳ್ಳ ಲೋಹದ ಬೊಂಬೆಯೊಂದು ಬರಬಹುದು. ಆದರೆ ಇದಕ್ಕೆ ತಲೆಯೂ ಇಲ್ಲ, ಕೈಯೂ ಇಲ್ಲ. ಗಾಡಿಯೊಳಗೆ ಭದ್ರವಾಗಿ ಬಿಗಿದ ಒಂದು ವಿದ್ಯುತ್ ಮೋಟಾರು, ಅದರಿಂದ ಹೊರಟು ಬ್ರೇಕಿನ ಪೆಡಲನ್ನು ಕಚ್ಚಿಕೊಂಡಿರುವ ಒಂದು ಸರಳು, ಪೆಡಲಿನ ಮೇಲೆ ಬಿದ್ದ ಬಲವನ್ನು ಅಳೆಯುವ ಒಂದು ಮಾಪಕ, ಪೆಡಲು ಎಷ್ಟು ದೂರ ಇಳಿಯಿತೆಂಬುದನ್ನು ತಿಳಿಸುವ ಇನ್ನೊಂದು ಮಾಪಕ, ಇವೆಲ್ಲವನ್ನೂ ಆಳುವ ಒಂದು ಗಣಕಯಂತ್ರ: ಇಷ್ಟೇ ಅದರ ಶರೀರ. ಇಷ್ಟು ಬಲದಿಂದ ಒತ್ತೆಂದರೆ ಅಷ್ಟೇ ಬಲದಿಂದ ಒತ್ತುವುದು. ಇಷ್ಟು ದೂರ ಅದುಮೆಂದರೆ ಅಷ್ಟೇ ದೂರ ಅದುಮುವುದು. ಬೆಳಗಿನ ಮೊದಲನೆಯ ಒತ್ತಿಗೂ ಸಂಜೆಯ ಕೊನೆಯ ಒತ್ತಿಗೂ ಭೇದ ತೋರುವುದಿಲ್ಲ.

ಮನುಷ್ಯನ ಕಾಲಿರಲು ಯಂತ್ರದ ಕಾಲನ್ನು ಏತಕ್ಕೆ ಹುಡುಕಿದರು? ಬ್ರೇಕಿನ ಗುಣವನ್ನು ನಿರ್ಣಯಿಸಲು ನಿಯಮಗಳಿವೆ. ಸಂಯುಕ್ತ ರಾಷ್ಟ್ರಸಂಸ್ಥೆಗೆ ಸೇರಿದ ಯೂರೋಪಿನ ಆರ್ಥಿಕ ಆಯೋಗದ 13-ಎಚ್ ಎಂಬ ನಿಬಂಧನೆಯಂತೆ, ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಕಾರು 70 ಮೀಟರಿನೊಳಗೆ ನಿಲ್ಲಬೇಕು. ಅದಕ್ಕಾಗಿ ಪೆಡಲಿನ ಮೇಲೆ 500 ನ್ಯೂಟನ್, ಎಂದರೆ ಸುಮಾರು 51 ಕಿಲೋಗ್ರಾಂ ತೂಕದಷ್ಟು ಬಲಕ್ಕಿಂತ ಹೆಚ್ಚನ್ನು ಹಾಕಕೂಡದು. ಒತ್ತುವುದಕ್ಕೆ ಮೊದಲು ಬ್ರೇಕಿನ ಉಷ್ಣವು 65ರಿಂದ 100 ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಇಷ್ಟು ಸೂಕ್ಷ್ಮವಾದ ಪರೀಕ್ಷೆಯಲ್ಲಿ ಮನುಷ್ಯನ ಕಾಲನ್ನು ಪೂರ್ಣವಾಗಿ ನಂಬುವುದು ಕಷ್ಟ. ದಣಿದ ಕಾಲು ಮೆಲ್ಲಗೆ ಒತ್ತುವುದು. ಹೆದರಿದ ಕಾಲು ಅವಸರದಿಂದ ಒತ್ತುವುದು. ಹತ್ತು ಬಾರಿ ಒತ್ತಿದ ಕಾಲು ಹನ್ನೊಂದನೆಯ ಬಾರಿಗೆ ತಾನಾಗಿಯೇ ಜಾಣತನವನ್ನು ಕಲಿಯುವುದು. ಎರಡು ಗಾಡಿಗಳನ್ನು ತೂಗುವಾಗ ತೂಕದ ಕಲ್ಲೇ ಬದಲಾಗುತ್ತಿದ್ದರೆ ತಕ್ಕಡಿಯ ಮಾತಿಗೆ ಬೆಲೆಯೇನು? ಆದುದರಿಂದ ಬದಲಾಗದ ಪಾದವೊಂದು ಬೇಕಾಯಿತು.

ಇಲ್ಲಿಗೆ ವಿಚಾರವನ್ನು ನಿಲ್ಲಿಸಿದವರು ಒಂದು ತಪ್ಪು ತೀರ್ಮಾನಕ್ಕೆ ಬರುವುದು ಸಹಜ. ಯಂತ್ರವೇ ಆದರ್ಶ ಸಾರಥಿ, ಮನುಷ್ಯನು ಅದರ ದೋಷಪೂರ್ಣವಾದ ಪ್ರತಿ ಎಂದು ಅವರಿಗೆ ತೋರುವುದು. ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಮಾಡಬೇಕೆಂಬ ಗೀತೋಪದೇಶವನ್ನು ಈ ಯಂತ್ರದಷ್ಟು ಚೆನ್ನಾಗಿ ಪಾಲಿಸುವವರಾರು ಎಂದು ವಿನೋದಕ್ಕೆ ಕೇಳಲೂ ಬಹುದು. ಆದರೆ ಬಯಸಬಲ್ಲವನು ಬಯಕೆಯನ್ನು ಬಿಟ್ಟರೆ ಅದು ತ್ಯಾಗ, ಬಯಸಲಾರದುದಕ್ಕೆ ತ್ಯಾಗವೆಲ್ಲಿಯದು? ಹೆದರಬಲ್ಲವನು ಹೆದರಿಕೆಯನ್ನು ಗೆದ್ದರೆ ಅದು ಧೈರ್ಯ. ಸರಳಿಗೂ ಮೋಟಾರಿಗೂ ಧೈರ್ಯವೆಂಬುದಿಲ್ಲ. ಯಂತ್ರವು ತಪ್ಪದಿರುವುದು ಅದರ ಗುಣವೇ ಹೊರತು ಪುಣ್ಯವಲ್ಲ. ತಪ್ಪಬಲ್ಲವನಲ್ಲಿ ಮಾತ್ರವೇ ಸರಿಯಾದ ನಡತೆಗೆ ಬೆಲೆಯುಂಟು.

ಮನುಷ್ಯನ ಕಾಲು ಅಪಾಯದ ಹೊತ್ತಿನಲ್ಲಿ ನಿಜವಾಗಿ ಏನು ಮಾಡುವುದೆಂಬುದನ್ನೂ ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಬರ್ಲಿನ್ ನಗರದಲ್ಲಿ ಡೈಮ್ಲರ್-ಬೆಂಜ್ ಸಂಸ್ಥೆಯು ಇಟ್ಟಿದ್ದ, ರಸ್ತೆಯ ಅನುಭವವನ್ನು ಕೋಣೆಯೊಳಗೇ ತೋರಿಸುವ ಸಾಧನದಲ್ಲಿ ಚಾಲಕರನ್ನು ಕುಳ್ಳಿರಿಸಿ ಪರೀಕ್ಷಿಸಿದಾಗ, ಬಹುಮಂದಿಯು ಪೆಡಲನ್ನು ಬೇಗನೆ ಒತ್ತಿದರೂ ಸಾಕಷ್ಟು ಬಲವಾಗಿ ಒತ್ತಲಿಲ್ಲವೆಂದು ಕಂಡುಬಂದಿತು. ಅವರಲ್ಲಿ ದುರ್ಬುದ್ಧಿಯಿರಲಿಲ್ಲ, ಅಲಕ್ಷ್ಯವೂ ಇರಲಿಲ್ಲ. ನಿತ್ಯವೂ ಮೃದುವಾಗಿ ಒತ್ತಿ ಅಭ್ಯಾಸವಾದ ಕಾಲು ಆಪತ್ಕಾಲದಲ್ಲಿಯೂ ಆ ಅಭ್ಯಾಸವನ್ನು ಪೂರ್ತಿಯಾಗಿ ಬಿಡಲಾರದೆ ಹೋಯಿತು, ಅಷ್ಟೆ. ಇದನ್ನು ಕಂಡವರ ಮುಂದೆ ಎರಡು ದಾರಿಗಳಿದ್ದವು: ಚಾಲಕರನ್ನು ನಿಂದಿಸುವುದೊಂದು, ಗಾಡಿಯನ್ನು ತಿದ್ದುವುದಿನ್ನೊಂದು. ಅವರು ಎರಡನೆಯದನ್ನು ಹಿಡಿದರು. ಪೆಡಲು ಥಟ್ಟನೆ ಇಳಿದರೆ ಅದು ಆಪತ್ತಿನ ಸೂಚನೆಯೆಂದು ಬಗೆದು, ಕಡಿಮೆಬಿದ್ದ ಬಲವನ್ನು ತಾನೇ ತುಂಬಿಕೊಡುವ ಬ್ರೇಕು 1996ರಲ್ಲಿ ಆ ಸಂಸ್ಥೆಯ ಕಾರುಗಳಲ್ಲಿ ಬಂದಿತು.

ಇದಕ್ಕಿಂತಲೂ ಆಲೋಚನೆಗೆ ಯೋಗ್ಯವಾದ ಸಂಗತಿಯೊಂದುಂಟು. ಹೊಸ ಕಾರುಗಳ ಸುರಕ್ಷತೆಯನ್ನು ಅಳೆದು ಜನರಿಗೆ ತಿಳಿಸುವ ಯೂರೋ ಎನ್‌ಕ್ಯಾಪ್ ಎಂಬ ಸಂಸ್ಥೆಯು, ಮುಂದಿನ ಗಾಡಿಗೆ ಡಿಕ್ಕಿಯಾಗುವುದನ್ನು ಮುಂಚಿತವಾಗಿ ಎಚ್ಚರಿಸುವ ಏರ್ಪಾಡುಗಳನ್ನು 2014ರಿಂದ ತನ್ನ ಅಂಕಗಣನೆಗೆ ಸೇರಿಸಿಕೊಂಡಿತು. ಕಾರು ಎಚ್ಚರಿಕೆಯನ್ನು ಕೊಡುವುದು. ರೋಬೋಟು ಬ್ರೇಕನ್ನು ಒತ್ತುವುದು. ಅಪಘಾತವು ತಪ್ಪಿತೆ ಎಂದು ನೋಡುವುದು: ಇದು ಪರೀಕ್ಷೆಯ ಕ್ರಮ. ಎಚ್ಚರಿಕೆಯಾದ ಮರುಕ್ಷಣವೇ ಒತ್ತಬಲ್ಲ ಶಕ್ತಿಯು ಯಂತ್ರಕ್ಕಿದ್ದರೂ, ಅದು 1.2 ಸೆಕೆಂಡು ಸುಮ್ಮನಿದ್ದು ಆಮೇಲೆ ಒತ್ತಬೇಕೆಂದು ವಿಧಿಸಲಾಯಿತು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಈ ಮೌನಕಾಲದೊಳಗೆ ಗಾಡಿಯು ಸುಮಾರು 27 ಮೀಟರು ಮುಂದೆ ಸಾಗಿರುವುದು. ಒತ್ತುವುದೂ ಪೂರ್ಣಬಲದಿಂದಲ್ಲ, ಗಾಡಿಯ ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 4 ಮೀಟರಿನಂತೆ ತಗ್ಗುವಷ್ಟು ಮಾತ್ರ. ಮೇಲೆ ಹೇಳಿದ ನಿಬಂಧನೆಯಾದರೋ ಬ್ರೇಕಿನಿಂದ ಕನಿಷ್ಠ 6.43ರಷ್ಟನ್ನು ಕೇಳುತ್ತದೆ.

ತಡಮಾಡದ ಯಂತ್ರಕ್ಕೆ ತಡಮಾಡುವುದನ್ನು ಕಲಿಸಿದರು; ಅಳುಕದ ಪಾದಕ್ಕೆ ಅಳುಕುವುದನ್ನು ಕಲಿಸಿದರು. ಇದರ ಅರ್ಥವೇನು? ಮನುಷ್ಯನ ಕಿವಿಗೆ ಸದ್ದು ಬಿದ್ದು, ಮನಸ್ಸು ಅದನ್ನು ಗ್ರಹಿಸಿ, ಕಾಲು ಒಂದು ಪೆಡಲಿನಿಂದ ಇನ್ನೊಂದಕ್ಕೆ ಸರಿಯುವುದರೊಳಗೆ ಕಾಲವು ಕಳೆಯುವುದೆಂದು ಪರೀಕ್ಷಕರು ಒಪ್ಪಿಕೊಂಡರು. ಎಂದಿಗೂ ತಡಮಾಡದ ಚಾಲಕನಿಗಾಗಿ ಕಟ್ಟಿದ ಗಾಡಿಯು ಯಾರಿಗೂ ಒದಗಲಾರದು. ಅಂಥ ಚಾಲಕನು ಲೋಕದಲ್ಲಿಲ್ಲ. ಅಶಕ್ತಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಹಾಕಿದ ಈ ಅಳತೆಯು ಹೆಚ್ಚು ನ್ಯಾಯವಾದುದೆಂಬುದರಲ್ಲಿ ಸಂದೇಹವಿಲ್ಲ.

ಹೀಗೆ ಅಶಕ್ತಿಗೆ ಎಡೆಗೊಟ್ಟರೆ ಜನರು ಅಜಾಗರೂಕರಾಗುವುದಿಲ್ಲವೆ ಎಂಬ ಆಕ್ಷೇಪವು ಏಳಬಹುದು. ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ಆ 1.2 ಸೆಕೆಂಡಿಗೂ ಒಂದು ಎಲ್ಲೆಯುಂಟೆಂಬುದನ್ನು ಮರೆಯಬಾರದು. ಎಚ್ಚರಿಕೆಯನ್ನು ಕೇಳಿ ಕಾಲನ್ನೆತ್ತುವವನ ಅಶಕ್ತಿಗೆ ಅದರಲ್ಲಿ ಸ್ಥಳವಿದೆ. ಮದ್ಯವನ್ನು ಕುಡಿದು ಚಕ್ರ ಹಿಡಿದವನಿಗೂ, ಕೈಯಲ್ಲಿರುವ ಮೊಬೈಲಿನೊಳಗೆ ಕಣ್ಣು ನೆಟ್ಟವನಿಗೂ ಸ್ಥಳವಿಲ್ಲ. ಪ್ರಕೃತಿಯಿಂದ ಬಂದ ಕೊರತೆ ಬೇರೆ, ಬುದ್ಧಿಪೂರ್ವಕವಾಗಿ ತಂದುಕೊಂಡ ಪ್ರಮಾದ ಬೇರೆ. ಮೊದಲನೆಯದಕ್ಕೆ ಕ್ಷಮೆಯು ಸಲ್ಲಬೇಕು; ಎರಡನೆಯದಕ್ಕೆ ಅದೇ ಕ್ಷಮೆಯನ್ನು ಕೊಟ್ಟರೆ ರಸ್ತೆಯಲ್ಲಿ ನಡೆಯುವ ನಿರಪರಾಧಿಗೆ ಅನ್ಯಾಯವಾಗುವುದು.

ಇನ್ನೊಂದು ವಿವೇಚನೆಯೂ ಅವಶ್ಯಕ. ಗಾಡಿಯನ್ನು ಕಟ್ಟುವವನು ಚಾಲಕನು ತಡಮಾಡುವನೆಂದು ಎಣಿಸಬೇಕು. ಚಾಲಕನಾದರೋ ಗಾಡಿಯು ತನ್ನ ತಡವನ್ನು ತುಂಬಿಕೊಡುವುದೆಂದು ಎಣಿಸಬಾರದು. ಒಂದೇ ಅಶಕ್ತಿಯು ಪರರಲ್ಲಿ ಕಂಡಾಗ ಸೈರಣೆಗೂ, ತನ್ನಲ್ಲಿ ಕಂಡಾಗ ಎಚ್ಚರಕ್ಕೂ ಕಾರಣವಾಗಬೇಕು. ಲೋಕದಲ್ಲಿ ಬಹುಮಟ್ಟಿಗೆ ನಡೆಯುವುದು ಇದಕ್ಕೆ ವಿಪರೀತ: ಪರರಿಗೆ ಯಂತ್ರದ ಅಳತೆ, ತನಗೆ ಮನುಷ್ಯನ ಅಳತೆ. ಮಗನು ಒಂದು ಮಾತಿಗೆ ತಡವಾಗಿ ಓಗೊಟ್ಟರೆ ತಂದೆಗೆ ಅದು ಉದ್ಧಟತನ; ತಾನು ತಡವಾಗಿ ಓಗೊಟ್ಟರೆ ಅದು ದಣಿವು. ಶಿಷ್ಯನು ಮರೆತರೆ ಸೋಮಾರಿತನ; ಗುರುವು ಮರೆತರೆ ಕಾರ್ಯಬಾಹುಳ್ಯ.

ಪರೀಕ್ಷೆಯ ಬಯಲಿನಲ್ಲಿ ಪ್ರಾಣವಿಲ್ಲದ ಪಾದವೊಂದು ಅನ್ಯರ ಸಲುವಾಗಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಕಾದು ನಿಲ್ಲುತ್ತದೆ. ತೀರ್ಪು ಹೇಳುವವರೆಲ್ಲರೂ, ಅವರು ನ್ಯಾಯಸ್ಥಾನದಲ್ಲಿರಲಿ, ಪಾಠಶಾಲೆಯಲ್ಲಿರಲಿ, ಮನೆಯ ಜಗಲಿಯಲ್ಲಿರಲಿ, ಬಾಯಿ ತೆರೆಯುವ ಮೊದಲು ಅಷ್ಟು ಕಾಲ ಕಾದರೆ ಅನೇಕ ಕಠೋರವಾದ ಮಾತುಗಳು ಹುಟ್ಟದೆಯೇ ಉಳಿಯುವುವು.