ಅವಸರ ಮಾಡದ ದೇವರು

ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಿಟ್ಟವನನ್ನು ಕಾಯ್ಕಿಣಿ, ಮುರ್ಡೇಶ್ವರದ ಕಡೆ ಯಾರೂ ಹೇಡಿ ಎನ್ನುವುದಿಲ್ಲ. ನೊಂದು ಮನಸ್ಸು ಮುಚ್ಚಿಕೊಂಡವರನ್ನೂ ಹಾಗೆನ್ನಬಾರದು.

*

ನಂಬಿದವರಿಂದಲೇ ಪೆಟ್ಟು ತಿಂದವರಿಗೆ ‘ದೇವರನ್ನು ನಂಬು’ ಎನ್ನುವುದೂ ಹಿಂದೊಮ್ಮೆ ಕೇಳಿ ಕೆಟ್ಟ ಮಾತಿನ ಹಾಗೇ ಕೇಳಿಸುತ್ತದೆ.

*

ಯೇಸುವೂ ಹತ್ತಿರದವರಿಂದಲೇ ನೊಂದವರು. ಹಿಡಿದುಕೊಟ್ಟವನು ಜೊತೆಯಲ್ಲಿ ಉಂಡವನು. ‘ಆತನನ್ನು ನಾನರಿಯೆ’ ಎಂದು ಮೂರು ಸಲ ಜಾರಿಕೊಂಡ ಪೇತ್ರ ಮುಂದಿನ ಸಾಲಿನ ಶಿಷ್ಯ. ಇಂಥ ನೋವನ್ನು ಅವರೆದುರು ಬಿಡಿಸಿ ಹೇಳಬೇಕಾಗಿಲ್ಲ.

*

ಪುನರುತ್ಥಾನದ ನಂತರವೂ ಯೇಸುವಿನ ಗಾಯಗಳು ಉಳಿದಿದ್ದವು. ನಂಬಲಾರದೆ ನಿಂತ ಶಿಷ್ಯ ತೋಮನಿಗೆ ತೋರಿಸಿದ್ದು ಅವನ್ನೇ. ವಿಶ್ವಾಸ ಬಂದಮೇಲೆ ನೋವಿನ ಗುರುತೂ ಇರಬಾರದು ಎನ್ನುವವರು ಇದನ್ನೊಮ್ಮೆ ಓದಲಿ.

*

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದ ಅಲೆದಾಟದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. 1880ರಲ್ಲಿ ಅಣ್ಣ ಹೋದ; 1882ರಲ್ಲಿ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, ಗಂಡನೂ ಹೋದ. ಮಡಿಲಲ್ಲಿ ಹಸುಗೂಸು ಮನೋರಮಾ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಅಷ್ಟಕ್ಕೇ ಮನಸ್ಸು ನೆಲೆ ನಿಲ್ಲಲಿಲ್ಲ. ಬುದ್ಧಿಗೆ ಒಪ್ಪಿಗೆಯಾಗದ್ದನ್ನು ಒಪ್ಪಲಾರೆನೆಂದು, ತಮಗೆ ಕಲಿಸಿದ ಕ್ರೈಸ್ತ ಹಿರಿಯರೊಡನೆಯೇ ವಾದಿಸಿದರು. ನಿಜವಾಗಿ ಕ್ರಿಸ್ತನನ್ನು ಕಂಡುಕೊಂಡದ್ದು 1891ರಲ್ಲಿ ಎಂದು ಅವರೇ ಬರೆದಿದ್ದಾರೆ. ತಲೆಗೆ ನೀರು ಬಿದ್ದಮೇಲೂ ಎಂಟು ವರ್ಷ! ಅದನ್ನು ಅವಿಶ್ವಾಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

*

ಆ ಎಂಟು ವರ್ಷಗಳ ನಡುವೆಯೇ, 1889ರಲ್ಲಿ, ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ತನ್ನ ಅಳಲು ತೀರಲಿ, ಆಮೇಲೆ ನೋಡೋಣ ಎಂದು ಆಕೆ ಕೂರಲಿಲ್ಲ.

*

ಕ್ಷಮಿಸಿದೆ ಎಂದ ಮಾತ್ರಕ್ಕೆ ಹೊಡೆದವನ ಮನೆಗೆ ಮರಳಬೇಕಾಗಿಲ್ಲ.

*

88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ. ದೇವರನ್ನು ದೂರುವವರು ದೇವರೊಡನೆ ಇನ್ನೂ ಮಾತು ಬಿಟ್ಟಿಲ್ಲ.

*

ಡಿಸೆಂಬರ್ 3ಕ್ಕೆ ಹೊನ್ನಾವರ ತಾಲ್ಲೂಕಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಬೇರೆ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಅಲ್ಲಿ ಮೇಣದಬತ್ತಿ ಹಚ್ಚಿ ಸುಮ್ಮನೆ ನಿಂತವರು ಕಂಡರೆ ಯಾವ ಜಾತಿ, ಏನು ಕಷ್ಟ ಎಂದು ಕೆದಕಬೇಡಿ. ಅವರಾಗಿ ಬಾಯಿಬಿಟ್ಟರೆ ಪೂರ್ತಿ ಕೇಳಿಸಿಕೊಳ್ಳಿ. ಅಳುತ್ತಿರುವವರನ್ನು ಆ ಹೊತ್ತಿನಲ್ಲೇ ನಿಮ್ಮ ಮತಕ್ಕೆ ಎಳೆದುಕೊಳ್ಳಲು ಹೋಗಬೇಡಿ. ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.