ಕೈಲಾಸ ಪ್ರದಕ್ಷಿಣೆಯೂ ಕರಸ್ಥಲದ ಲಿಂಗವೂ

ಪ್ರದಕ್ಷಿಣೆಯೆಂದರೆ ಪೂಜ್ಯವಾದುದನ್ನು ತನ್ನ ಬಲಕ್ಕೆ ಇರಿಸಿಕೊಂಡು ಸುತ್ತಿ ಬರುವುದು. ಗುಡಿಯ ಪ್ರಾಕಾರದಲ್ಲಿ ಇದು ಕೆಲವೇ ಹೆಜ್ಜೆಗಳ ಕಾರ್ಯ. ಟಿಬೆಟ್ಟಿನಲ್ಲಿರುವ ಕೈಲಾಸ ಪರ್ವತವನ್ನು ಸುತ್ತುವುದಾದರೆ ಸುಮಾರು 52 ಕಿಲೋಮೀಟರು ನಡೆಯಬೇಕು. ಯಾತ್ರಿಕರಿಗೆ ಸಾಮಾನ್ಯವಾಗಿ ಮೂರು ದಿನ ಹಿಡಿಯುತ್ತದೆ. ಭಾರತ ಸರ್ಕಾರದ ವ್ಯವಸ್ಥೆಯಲ್ಲಿ 1981ರಲ್ಲಿ ಪುನಃ ಆರಂಭವಾದ ಈ ಯಾತ್ರೆಯು 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ನಿಂತು, 2025ರಲ್ಲಿ ಮತ್ತೆ ತೆರೆಯಿತು. ಕನ್ನಡ ನಾಡಿನ ಸದ್ಭಕ್ತರನೇಕರಲ್ಲಿ ಅಲ್ಲಿಗೆ ಹೋಗುವ ಹಂಬಲವುಂಟು.

ಇಲ್ಲಿ ಒಂದು ಶಂಕೆ ಸಹಜವಾಗಿಯೇ ಏಳುತ್ತದೆ. ಗುರುವು ಅನುಗ್ರಹಿಸಿದ ಇಷ್ಟಲಿಂಗವು ಕರಸ್ಥಲದಲ್ಲಿರುವಾಗ ಮತ್ತೊಂದು ಲಿಂಗಾಕಾರದ ಗಿರಿಯನ್ನು ಅರಸಿ ಹೋಗುವುದೇಕೆ? ಶರಣರು ದೇಹವನ್ನೇ ದೇಗುಲವೆಂದು ಬಗೆದವರು. ಆಯ್ದಕ್ಕಿ ಮಾರಯ್ಯನು ಕೈಲಾಸವನ್ನು ತನ್ನ ಕಾಯಕದಲ್ಲಿಯೇ ಕಂಡವನು. ಆದುದರಿಂದ ಲಿಂಗಧಾರಿಗೆ ಈ ಯಾತ್ರೆ ವಿಧಿಯಲ್ಲ. ಮಾಡದಿದ್ದರೆ ದೋಷವೂ ಇಲ್ಲ. ಸಾಲ ಮಾಡಿ, ಹಾಸಿಗೆ ಹಿಡಿದ ತಾಯಿಯನ್ನು ನೆರೆಮನೆಯವರಿಗೆ ಒಪ್ಪಿಸಿ ಹೋಗುವವನು ಜಂಗಮವನ್ನು ಹಸಿದಿರಿಸಿ ಸ್ಥಾವರಕ್ಕೆ ಎಡೆಯಿಟ್ಟವನೇ ಸರಿ. ಆದರೆ ಋಣವಿಲ್ಲದವನು, ಮನೆಯ ಹೊಣೆ ತೀರಿದವನು ಹೋಗಬಾರದೆಂದು ಹೇಳುವವರಾರು? ಹೋಗಲಿ. ಹೇಗೆ ಹೋಗಬೇಕೆಂಬುದೇ ವಿಚಾರ.

ದಾರ್ಚೆನ್ ಎಂಬ ಊರು ಈ ಸುತ್ತಿನ ಮೊದಲೂ ಹೌದು, ಕೊನೆಯೂ ಹೌದು. ಮೊದಲನೆಯ ದಿನ ಯಮದ್ವಾರವನ್ನು ಹಾದು ನದಿಯ ಕಣಿವೆಯಲ್ಲಿ ನಡೆದು, ಸುಮಾರು 5,000 ಮೀಟರು ಎತ್ತರದ ದಿರಾಪುಕ್ ಎಂಬಲ್ಲಿ ತಂಗುತ್ತಾರೆ. ಕೈಲಾಸದ ಉತ್ತರ ಮುಖವು ಅಲ್ಲಿಂದ ಎದುರೆದುರಿಗೆ ಕಾಣುತ್ತದೆ. ಎರಡನೆಯ ದಿನವೇ ಕಠಿನ. ನಸುಕಿನಲ್ಲಿ ಹೊರಟು, ಕಲ್ಲುಬಂಡೆಗಳ ನಡುವೆ, ಕೆಲವೊಮ್ಮೆ ಹಿಮದ ಮೇಲೆ, 5,630 ಮೀಟರು ಎತ್ತರದ ಡೋಲ್ಮಾ ಕಣಿವೆಬಾಯಿಯನ್ನು ಏರಬೇಕು. ಅಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರತೀರದ ಅರ್ಧದಷ್ಟು ಮಾತ್ರ. ಹತ್ತು ಹೆಜ್ಜೆಗೊಮ್ಮೆ ನಿಲ್ಲದವರು ವಿರಳ. ಆಚೆಯ ಇಳಿಜಾರಿನಲ್ಲಿ ಗೌರೀಕುಂಡವು ಕೆಳಗೆ ಕಾಣುತ್ತದೆ. ಕುದುರೆಯೇರಿ ಬಂದವರೂ ಅಲ್ಲಿ ಇಳಿದು ನಡೆಯಲೇಬೇಕು. ಬಳಿಕ ದೀರ್ಘವಾದ ಕಣಿವೆ, ಜುತುಲ್‌ಪುಕ್ ಎಂಬಲ್ಲಿ ರಾತ್ರಿವಾಸ. ಮೂರನೆಯ ದಿನದ ನಡಿಗೆ ಸುಲಭ.

ಆ ದಾರಿಯಲ್ಲಿ ಶೈವರಲ್ಲದೆ ಬೌದ್ಧರೂ ಜೈನರೂ ನಡೆಯುತ್ತಾರೆ. ಟಿಬೆಟ್ಟಿನ ಪ್ರಾಚೀನವಾದ ಬೋನ್ ಮತದವರು ಮಾತ್ರ ಎದುರು ದಿಕ್ಕಿನಿಂದ, ಗಿರಿಯನ್ನು ಎಡಕ್ಕೆ ಇಟ್ಟುಕೊಂಡು ಬರುತ್ತಾರೆ. ನಮ್ಮ ಜಾತ್ರೆಗಳ ದೀಡ ನಮಸ್ಕಾರದಂತೆ ನೆಲಕ್ಕೆ ಮೈಚಾಚಿ, ಎದ್ದು, ಮತ್ತೆ ಮೈಚಾಚಿ ವಾರಗಟ್ಟಲೆ ಸುತ್ತುವವರೂ ಉಂಟು. ಯಾತ್ರಿಕರ ಗಂಟು ಹೊತ್ತು ನಡೆಯುವ ಅಲ್ಲಿಯ ಕೂಲಿಯಾಳುಗಳು ಒಂದೇ ಋತುವಿನಲ್ಲಿ ಎಷ್ಟು ಸುತ್ತು ಬರುವರೋ! ಅವರಿಗೆ ಅದು ಕಾಯಕ. ಅವರ ಕೂಲಿಯಲ್ಲಿ ಚೌಕಾಸಿ ಮಾಡಿ, ಮರುಕ್ಷಣ ಕಣ್ಮುಚ್ಚಿ ಪಂಚಾಕ್ಷರಿ ಜಪಿಸುವುದು ಶರಣಮಾರ್ಗವಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸತಕ್ಕ ವಿಷಯ ಬೇರೆಯೇ ಇದೆ. ಅಷ್ಟು ಎತ್ತರದಲ್ಲಿ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರಾಭಂಗಗಳು ತೋರುತ್ತವೆ. ಇವು ಉಲ್ಬಣಿಸಿದರೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿ ಪ್ರಾಣಕ್ಕೇ ಅಪಾಯ. ಮುಖ್ಯ ಚಿಕಿತ್ಸೆ ಒಂದೇ: ಕೂಡಲೇ ಕೆಳಗಿಳಿಯುವುದು. ಬಲಿಷ್ಠನಾದ ಯುವಕನಿಗೆ ಇದು ಬರಬಹುದು, ವೃದ್ಧನಿಗೆ ಬಾರದಿರಬಹುದು. ಪುಣ್ಯಪಾಪಗಳಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಯಾತ್ರಿಕನು ವೈದ್ಯನ ಮುಂದೆ, “ನನಗೇನೂ ಇಲ್ಲ, ಚೆನ್ನಾಗಿದ್ದೇನೆ” ಎನ್ನುವುದುಂಟು. ಇಷ್ಟು ದೂರ ಬಂದು ಸುತ್ತು ಮುಗಿಸದೆ ಊರಿಗೆ ಹೇಗೆ ಮುಖ ತೋರಿಸಲಿ ಎಂಬ ಅಳುಕು ಅವನದು. ಶಿವನ ಬಾಗಿಲಲ್ಲಿ ನಿಂತು ಆಡಿದ ಈ ಹುಸಿಯನ್ನು ಭಕ್ತಿಯೆನ್ನಬಹುದೇ? ಕಾಯವು ಪ್ರಸಾದಕಾಯವೆಂದು ನಂಬಿದವನು ಅದರ ಕೂಗನ್ನು ಮರೆಮಾಚುವುದು ಪ್ರಸಾದದ್ರೋಹ. ಅವನು ಕುಸಿದು ಬಿದ್ದಾಗ ಅವನನ್ನು ಹೊರುವವರ ಪ್ರಾಣವೂ ಪಣಕ್ಕೆ ಬೀಳುತ್ತದೆಂಬುದನ್ನು ಬೇರೆ ಹೇಳಬೇಕೇ?

“ಅರ್ಧಕ್ಕೆ ಹಿಂದಿರುಗಿದರೆ ಪ್ರದಕ್ಷಿಣೆ ಭಂಗವಾಗದೇ?” ಎಂದು ಕೇಳಬಹುದು. ಶಿವಾಲಯದ ಪದ್ಧತಿಯನ್ನೇ ನೋಡಿರಿ. ಅಭಿಷೇಕದ ಜಲವು ಹೊರಬೀಳುವ ಗೋಮುಖದ ತನಕ ಹೋಗಿ, ಅದನ್ನು ದಾಟದೆ, ಬಂದ ದಾರಿಯಲ್ಲೇ ಮರಳುವ ಸೋಮಸೂತ್ರ ಪ್ರದಕ್ಷಿಣೆಯು ಶಿವನಿಗೆ ವಿಶೇಷವಾಗಿ ಹೇಳಲ್ಪಟ್ಟುದು. ಅಲ್ಲಿ ವೃತ್ತವು ಪೂರ್ಣವಾಗುವುದೇ ಇಲ್ಲ. ಆದರೂ ಅದು ಭಂಗವೆನಿಸಿಕೊಂಡಿಲ್ಲ. ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನವೂ ಉಂಟು. ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ತಂದಲ್ಲಿಗೇ ಸುರಿದು ಬಾರೆಂದು ಕಳುಹಿಸಿದಳು. ಗಂಡನ ಭಕ್ತಿಯನ್ನು ಕುಂದಿಸಲು ಆಕೆ ಹೀಗೆ ಮಾಡಲಿಲ್ಲ. ತನ್ನ ಪಾಲಿಗೆ ಮೀರಿದುದನ್ನು ಬಯಸುವ ಆಸೆ ಭಕ್ತಿಯ ವೇಷದಲ್ಲಿ ಬಂದಿತೆಂದು ಕಂಡಳು. ಮಾರಯ್ಯನೂ ವಾದಿಸದೆ ಮರಳಿ ನಡೆದನು. ಡೋಲ್ಮಾದ ಏರನ್ನು ಹತ್ತುವುದಕ್ಕಿಂತ ಆ ಮರುನಡಿಗೆ ಸುಲಭವಾಗಿದ್ದಿತೆಂದು ಯಾರೂ ಭಾವಿಸಬಾರದು.

ದಿರಾಪುಕ್ಕಿನಲ್ಲಿ ಬೆಳಗಾಗುವ ಮುನ್ನ ಎದೆ ಬಿಗಿದು ತಲೆ ಸಿಡಿಯುವವನು ಅದನ್ನು ವೈದ್ಯನಿಗೆ ಇದ್ದಂತೆ ಹೇಳಲಿ. ಸಂಗಡಿಗರು ದೀಪ ಹಿಡಿದು ಏರಲು ಹೊರಡುವರು. ಅವರನ್ನು ಸಂತೋಷದಿಂದ ಕಳುಹಿಸಲಿ. ಕುದುರೆಯವನು ಬರುವತನಕ ಕಂಬಳಿ ಹೊದ್ದು ಕುಳಿತು, ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ವಿಭೂತಿ ಧರಿಸಲಿ. ಅಭಿಷೇಕದ ನೀರು ಹೆಪ್ಪುಗಟ್ಟಿದ್ದರೆ ಭಾವಪೂಜೆಯಾಗಲಿ. ನಂತರ ತಡಮಾಡದೆ ದಾರ್ಚೆನ್ನಿನ ಕಡೆಗೆ ಇಳಿಯತಕ್ಕದ್ದು.