ಗದ್ದೆಯ ಬೆಲೆ ಎಷ್ಟು?



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬ. ಕರಾವಳಿಯ ನಮಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಅಂದು ಗುರುಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕುಟುಂಬವೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತೇವೆ. ಆದರೆ ಆ ತೆನೆ ನಮ್ಮ ಗದ್ದೆಯದೇ? ಎಷ್ಟೋ ಕಡೆ ಗದ್ದೆಗಳು ಸೈಟುಗಳಾಗಿವೆ, ಇಲ್ಲವೆ ಪಾಳುಬಿದ್ದಿವೆ. ಹಬ್ಬದ ತೆನೆಗಾಗಿ ಬೇರೆ ಊರಿನ ಗದ್ದೆಯನ್ನು ಹುಡುಕಬೇಕಾಗಿದೆ.

ನಿಮ್ಮ ಅಂಗಳಕ್ಕೂ ದಲ್ಲಾಳಿಯೊಬ್ಬ ಬಂದಿರಬಹುದು. "ಈ ಗದ್ದೆಯಿಂದ ನಿಮಗೇನು ಸಿಗುತ್ತದೆ? ಮಾರಿ ಹಣವನ್ನು ಬ್ಯಾಂಕಿನಲ್ಲಿಡಿ, ಬಡ್ಡಿಯೇ ಬೆಳೆಗಿಂತ ಹೆಚ್ಚು" ಎಂದಿರಬಹುದು. ಅವನ ಲೆಕ್ಕ ಸುಳ್ಳಲ್ಲ, ಆದರೆ ಅದು ಪೂರ್ತಿ ಲೆಕ್ಕವೂ ಅಲ್ಲ. ಗದ್ದೆ ಕೊಡುವುದು ಅಕ್ಕಿಯೊಂದನ್ನೇ ಅಲ್ಲ. ಅದರ ಬೈಹುಲ್ಲು ಹಟ್ಟಿಯ ದನಕ್ಕೆ, ಹಟ್ಟಿಯ ಗೊಬ್ಬರ ಅಡಿಕೆ ತೋಟಕ್ಕೆ. ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ನೀರು ಇಂಗಿ ನೆರೆಮನೆಯವರ ಬಾವಿಯನ್ನೂ ತುಂಬುತ್ತದೆ. ದಲ್ಲಾಳಿ ನಿಮಗೆ ಕೊಡುವ ಹಣದಲ್ಲಿ ನೆರೆಯವರ ಬಾವಿಯ ಪಾಲು ಇದೆಯೇ?

ಇನ್ನು ಕಾಡಿನ ವಿಚಾರ. ಹಟ್ಟಿಗೆ ಹಾಸುವ ಸೊಪ್ಪು, ತರಗೆಲೆ ಬರುವುದು ಗುಡ್ಡದಿಂದ. ದಕ್ಷಿಣ ಕನ್ನಡದ ಕುಮ್ಕಿ ಜಾಗ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಇದಕ್ಕಾಗಿಯೇ ಇರುವಂಥವು. ಅಲ್ಲಿ ರೈತನಿಗೆ ಸೊಪ್ಪು ಕಡಿಯುವ ಸವಲತ್ತು ಉಂಟು, ಒಡೆತನವಿಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ದೇವರು ಇಸ್ರಯೇಲರಿಗೆ ಹೇಳಿದ್ದೂ ಇದನ್ನೇ ಅಲ್ಲವೇ? ನೆಲ ದೇವರದು, ನಾವು ಅದರಲ್ಲಿ ಒಕ್ಕಲಿರುವವರು. ನಮ್ಮ ಪಟ್ಟಾ ಭೂಮಿಯೂ ದೇವರ ಮುಂದೆ ಒಂದು ಕುಮ್ಕಿಯೇ.

ಬೇಸಾಯ ಕೈಕೊಟ್ಟಾಗ ಬಡವನ ಕೊಡಲಿ ಕಾಡಿನ ಕಡೆಗೆ ತಿರುಗುತ್ತದೆ. ಹೊಲ ಅನ್ನ ಕೊಟ್ಟರೆ ಮರಕ್ಕೂ ಉಳಿಗಾಲ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದವರು ಪಟ್ಟಣದವರಲ್ಲ, ಬೆಟ್ಟವನ್ನು ನಂಬಿ ಬದುಕುವ ಹಳ್ಳಿಗರು. ಆದರೆ ನಾವು ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅಡಿಕೆಗೆ ಒಳ್ಳೆಯ ದರ ಬಂದಾಗ ಬೇಲಿಯನ್ನು ಕಾಡಿನೊಳಕ್ಕೆ ಸರಿಸಿದವರೂ ನಮ್ಮ ನಡುವೆ ಇದ್ದಾರೆ. ಬಡತನದಂತೆ ಆಸೆಯೂ ಕಾಡನ್ನು ಕಡಿಯುತ್ತದೆ. ಆದ್ದರಿಂದ ಹೊಲ ಲಾಭ ಕೊಟ್ಟರಷ್ಟೇ ಸಾಲದು, "ಸಾಕು" ಎನ್ನುವ ಮನಸ್ಸೂ ನಮಗೆ ಬೇಕು. ಏಳನೆಯ ವರ್ಷ ನೆಲಕ್ಕೆ ವಿಶ್ರಾಂತಿ ಕೊಡಬೇಕೆಂಬ ದೇವರ ಕಟ್ಟಳೆ ಕಲಿಸಿದ್ದು ಈ "ಸಾಕು" ಎಂಬ ಮಾತನ್ನೇ.

ಹಾಗಾದರೆ ಜಮೀನು ಮಾರುವುದು ಪಾಪವೇ? ಅರಸ ಆಹಾಬನು ಒಳ್ಳೆಯ ಬೆಲೆ ಕೊಡುತ್ತೇನೆಂದರೂ ನಾಬೋತನು ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಬಿಟ್ಟುಕೊಡಲಿಲ್ಲ. ಆದರೆ ಆಸ್ಪತ್ರೆಯ ಸಾಲ ಹೊತ್ತ ವಿಧವೆಗೆ, ಬೇಸಾಯಕ್ಕೆ ಕೈಯಾಳಿಲ್ಲದ ವೃದ್ಧರಿಗೆ ನಾಬೋತನ ಕಥೆ ಹೇಳಿ ಹೊರೆ ಹೊರಿಸುವುದು ಕ್ರೈಸ್ತ ಧರ್ಮವಲ್ಲ. ಕಷ್ಟಕ್ಕಾಗಿ ಮಾರುವವನನ್ನು ದೂಷಿಸುವ ಮುನ್ನ, ಅವನ ಅಕ್ಕಿ ತರಕಾರಿಗೆ ನಾವು ಎಷ್ಟು ಚೌಕಾಸಿ ಮಾಡಿದೆವು ಎಂಬುದನ್ನು ನೆನೆಯೋಣ.

ಆದರೂ ಮಾರುವ ಮುನ್ನ ಒಂದು ಸಂಜೆ ಜಪಸರದ ಬಳಿಕ ಮನೆಮಂದಿಯೆಲ್ಲ ಕುಳಿತು ಮಾತಾಡಿ. ಇದು ಅಗತ್ಯವೋ, ಆಸೆಯೋ? ಕೊಳ್ಳುವವನು ಉಳುವನೋ, ಮಣ್ಣು ತುಂಬಿಸುವನೋ? 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದ್ದರಿಂದ ಈ ಪ್ರಶ್ನೆಯನ್ನು ಕಾನೂನಿಗಿಂತ ಮೊದಲು ನಮ್ಮ ಮನಸ್ಸಾಕ್ಷಿಯೇ ಕೇಳಬೇಕು. ನೆರೆಯ ರೈತನಿಗೇ ಕೊಡಲು ಸಾಧ್ಯವೇ ಎಂದೂ ವಿಚಾರಿಸಿ.

ಭೂಮಿ ನಮ್ಮ ನಂತರ ಬರುವವರಿಗೂ ಸೇರಿದ್ದು ಎಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪತ್ರದಲ್ಲಿ ಬೋಧಿಸಿದರು. ಏದೆನ್ ತೋಟದಲ್ಲಿ ದೇವರು ಮನುಷ್ಯನಿಗೆ ಒಪ್ಪಿಸಿದ ಕೆಲಸ ಎರಡು: ಉಳುವುದು ಮತ್ತು ಕಾಯುವುದು. ಇವೆರಡನ್ನೂ ಮಾಡುವವನ ಕೈಯ ತೆನೆಯೇ ಮಾತೆ ಮರಿಯಮ್ಮನವರಿಗೆ ಮೆಚ್ಚುಗೆಯ ಕಾಣಿಕೆ.